ತವರುಮನೆಯ ಉಗ್ರಾಣದಲ್ಲಿರುವ ಹಳೆಯ ಫ್ರಿಜ್ಜನ್ನು ಯಾರಿಗೆ, ಹೇಗೆ ಒಪ್ಪಿಸಬೇಕು?

ತೋಟದಮನೆ, ಪೆರ್ಲ (ಏಪ್ರಿಲ್ 3)

ಎಲ್ಲರಿಗೂ ನಮಸ್ಕಾರ. ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಒಳಭಾಗದಲ್ಲಿರುವ ನಮ್ಮ ತವರುಮನೆಯ ಉಗ್ರಾಣದಲ್ಲಿ ಒಂದು ಹಳೆಯ ಫ್ರಿಜ್ ನಿಂತಿದೆ. 1994ರಲ್ಲಿ ಅಡಿಕೆ ಮಾರಿದ ಹಣದಲ್ಲಿ ಅಪ್ಪ ಅದನ್ನು ಮಂಗಳೂರಿನಿಂದ ತರಿಸಿದ್ದರು. ಒಂದೇ ಬಾಗಿಲಿನದು, ಹಿಡಿಯ ಬಳಿ ಬೀಗದ ಕೈ ಹಾಕುವ ಕಿಂಡಿ ಇದೆ, ಹಿಂಬದಿಯಲ್ಲಿ ಕಪ್ಪು ಬಣ್ಣದ ಕಂಬಿಗಳ ಜಾಲರಿ ಇದೆ. ಕಳೆದ ಆರು ವರ್ಷಗಳಿಂದ ಅದನ್ನು ಯಾರೂ ಚಾಲೂ ಮಾಡಿಲ್ಲ. ಅಮ್ಮ ಅದರೊಳಗೆ ಹಳೆಯ ಪಂಚಾಂಗಗಳನ್ನೂ ಬಿತ್ತನೆಯ ಸೌತೆಬೀಜದ ಪೊಟ್ಟಣಗಳನ್ನೂ ಇಟ್ಟಿದ್ದಾರೆ.

ಮೇ ತಿಂಗಳ ರಜೆಯಲ್ಲಿ ಅಕ್ಕತಂಗಿಯರ ಮಕ್ಕಳೆಲ್ಲ ಸೇರಿ ಏಳು ಜನ ಮನೆಗೆ ಬರುವವರಿದ್ದಾರೆ. ಅಷ್ಟರೊಳಗೆ ಇದನ್ನು ಸಾಗಿಸಬೇಕೆಂದು ಯೋಚಿಸಿದ್ದೇನೆ. ಗುಜರಿಯವರನ್ನು ಕೇಳಿದಾಗ, ಅಂಗಳದಲ್ಲಿಯೇ ಕಂಪ್ರೆಸರನ್ನು ಕತ್ತರಿಸಿ ಕೊಂಡೊಯ್ಯುತ್ತೇವೆ, ಉಳಿದ ಪೆಟ್ಟಿಗೆಯನ್ನು ನೀವೇ ಏನಾದರೂ ಮಾಡಿಕೊಳ್ಳಿ ಎಂದರು. ಹಾಗೆ ಕತ್ತರಿಸುವುದು ಸರಿಯಲ್ಲವೆಂದು ಎಲ್ಲಿಯೋ ಓದಿದ ನೆನಪು. ನಮ್ಮ ಮನೆಯಿಂದ ಗಾಡಿ ಬರುವ ರಸ್ತೆಗೆ ಸುಮಾರು ಇಪ್ಪತ್ತೆರಡು ಮೆಟ್ಟಿಲು ಹತ್ತಬೇಕು. ತಿಳಿದವರು ದಯವಿಟ್ಟು ದಾರಿ ಹೇಳಬೇಕು.

ಸೀತಾಂಗೋಳಿಯ ಓದುಗ (ಏಪ್ರಿಲ್ 3)

ಅಕ್ಕ, ಉಳಿದ ವಿಚಾರಗಳನ್ನು ನಿಧಾನವಾಗಿ ಚರ್ಚಿಸೋಣ. ಮೊದಲು ಇಂದು ಸಂಜೆಯೊಳಗೆ ಆ ಬಾಗಿಲನ್ನು ಒಂದು ಗಟ್ಟಿ ಹಗ್ಗದಿಂದ ಸುತ್ತಿ ಬಿಗಿದುಬಿಡಿ, ಅಥವಾ ಬಾಗಿಲನ್ನು ಗೋಡೆಗೆ ತಾಗಿಸಿ ಫ್ರಿಜ್ಜನ್ನು ನಿಲ್ಲಿಸಿ.

ಕಾರಣವನ್ನು ಹೇಳುತ್ತೇನೆ. ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ ಬಂಧುಗಳ ಮನೆಯ ಗೃಹಪ್ರವೇಶದ ದಿನ, ಹಿತ್ತಲಲ್ಲಿ ಇರಿಸಿದ್ದ ಹಾಳಾದ ಫ್ರಿಜ್ಜಿನೊಳಗೆ ನನ್ನ ಅಣ್ಣನ ಐದು ವರ್ಷದ ಮಗ ಕಣ್ಣಾಮುಚ್ಚಾಲೆ ಆಡುತ್ತ ಹೊಕ್ಕು ಕುಳಿತಿದ್ದ. ತಟ್ಟೆಗಳನ್ನೆಲ್ಲ ಮೊದಲೇ ತೆಗೆದಿದ್ದರಿಂದ ಒಳಗೆ ಕುಳಿತುಕೊಳ್ಳುವಷ್ಟು ಜಾಗವಿತ್ತು. ಬಾಗಿಲಿನ ಚಿಲಕ ಹೊರಗಿನಿಂದ ಮಾತ್ರ ತೆರೆಯುವಂಥದ್ದು. ಅವನು ಕೂಗಿದನೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಫ್ರಿಜ್ಜಿನ ದಪ್ಪ ಗೋಡೆಗಳಿಂದ ಕೂಗು ಹೊರಗೆ ಬರುವುದು ಕಷ್ಟ, ಅಂಗಳದಲ್ಲಿ ವಾದ್ಯವೂ ನಡೆಯುತ್ತಿತ್ತು. ಬಾಳೆ ಎಲೆ ತರಲು ಹಿತ್ತಲಿಗೆ ಹೋದ ಅತ್ತೆಯವರು, ಒಂಟಿ ಚಪ್ಪಲಿಯೊಂದು ಫ್ರಿಜ್ಜಿನ ಎದುರು ಬಿದ್ದಿರುವುದನ್ನು ಕಂಡು ಬಾಗಿಲು ಎಳೆದರು. ಹುಡುಗ ಬೆವರಿನಲ್ಲಿ ತೊಯ್ದು, ತುಟಿ ನೀಲಿಗಟ್ಟಿ, ಮಾತನಾಡಲಾರದ ಸ್ಥಿತಿಯಲ್ಲಿದ್ದ. ಉಳಿದುಕೊಂಡ. ಇಂದಿಗೂ ನಮ್ಮ ಮನೆಯಲ್ಲಿ ಆ ದಿನದ ವಿಷಯ ಬಂದಾಗ ಅತ್ತೆಯವರು ಎದ್ದು ಒಳಗೆ ಹೋಗುತ್ತಾರೆ.

ನಮ್ಮ ಮನೆಗೆ ಮಾತ್ರ ಬಂದ ಆಪತ್ತು ಇದಲ್ಲ. ಅಮೆರಿಕದಲ್ಲಿ ಇಂತಹ ಸಾವುಗಳು ಹೆಚ್ಚಿದ್ದರಿಂದಲೇ 1956ರಲ್ಲಿ ಅದಕ್ಕಾಗಿ ಒಂದು ಕಾನೂನು ಬಂತು. ಒಳಗಿನಿಂದ ತಳ್ಳಿದರೆ ತೆರೆದುಕೊಳ್ಳುವ ಬಾಗಿಲು ಕಡ್ಡಾಯವಾದದ್ದು ಅದರ ಬಳಿಕವೇ. ಇಂದಿನ ಬಾಗಿಲುಗಳಲ್ಲಿ ಚಿಲಕದ ಬದಲು ರಬ್ಬರ್ ಪಟ್ಟಿಯೊಳಗೆ ಅಯಸ್ಕಾಂತ ಇರುತ್ತದೆ. ಆದರೂ ಎರಡು ಮೂರು ವರ್ಷದ ಮಗುವಿಗೆ ಅದನ್ನು ಒಳಗಿನಿಂದ ತಳ್ಳುವಷ್ಟು ಬಲ ಇರುತ್ತದೆಂದು ನಂಬಿ ಕೂರಬಾರದು. ನಿಮ್ಮದು 1994ರದ್ದು, ಬೀಗ ಬೇರೆ ಇದೆ. ಬೀಗದ ಕೈ ಎಲ್ಲಿದೆಯೆಂದು ಅಮ್ಮನನ್ನು ಕೇಳಿ ತೆಗೆದಿಟ್ಟುಕೊಳ್ಳಿ.

ತೋಟದಮನೆ, ಪೆರ್ಲ (ಏಪ್ರಿಲ್ 3, ರಾತ್ರಿ)

ಅಣ್ಣ, ನಿಮ್ಮ ಬರಹ ಓದಿದ ಕೂಡಲೇ ಅಮ್ಮನಿಗೆ ಫೋನ್ ಮಾಡಿದೆ. ತೋಟದ ಕೆಲಸಕ್ಕೆ ಬರುವವರು ಬಾವಿಯ ಹಗ್ಗದಿಂದ ಮೂರು ಸುತ್ತು ಬಿಗಿದಿದ್ದಾರೆ. ಬೀಗದ ಕೈ ದೇವರಕೋಣೆಯ ಗೂಡಿನಲ್ಲಿತ್ತಂತೆ.

ಬದಿಯಡ್ಕದ ಫ್ರಿಜ್ ಮೆಕ್ಯಾನಿಕ್ (ಏಪ್ರಿಲ್ 4)

ನಾನು ಮೂವತ್ತೊಂದು ವರ್ಷಗಳಿಂದ ಈ ಕೆಲಸ ಮಾಡುತ್ತಿದ್ದೇನೆ. ಹಗ್ಗ ಕಟ್ಟಿದ್ದು ಒಳ್ಳೆಯದಾಯಿತು, ಆದರೆ ಅದು ತಾತ್ಕಾಲಿಕ. ಬಾಗಿಲನ್ನು ಕಳಚಿಯೇ ಇಡಬೇಕು, ಅದು ಕಷ್ಟವೂ ಅಲ್ಲ. ಮೇಲಿನ ತಿರುಗಣೆಗೆ ಎರಡು ಅಥವಾ ಮೂರು ಬೋಲ್ಟ್ ಇರುತ್ತವೆ. ಒಬ್ಬರು ಬಾಗಿಲನ್ನು ಎರಡೂ ಕೈಗಳಿಂದ ಆಧರಿಸಿ ಹಿಡಿದುಕೊಂಡಿರಬೇಕು, ಇನ್ನೊಬ್ಬರು ಸ್ಪ್ಯಾನರಿನಿಂದ ಬೋಲ್ಟ್ ಬಿಚ್ಚಬೇಕು. ತಿರುಗಣೆ ಹೊರಬಂದ ಮೇಲೆ ಬಾಗಿಲನ್ನು ಸ್ವಲ್ಪ ಓರೆ ಮಾಡಿ ಮೇಲೆತ್ತಿದರೆ ಕೆಳಗಿನ ಮೊಳೆಯಿಂದ ಅದು ಬಿಟ್ಟುಬರುತ್ತದೆ. ತುಕ್ಕು ಹಿಡಿದಿದ್ದರೆ ಹಿಂದಿನ ರಾತ್ರಿಯೇ ಬೋಲ್ಟಿನ ಬುಡಕ್ಕೆ ಎರಡು ಹನಿ ಎಣ್ಣೆ ಬಿಡಿ. ಒಳಗಿನ ತಟ್ಟೆಗಳನ್ನು ಹಾಗೆಯೇ ಬಿಡಿ. ತಟ್ಟೆ ಇದ್ದರೆ ಮಗು ಸುಲಭವಾಗಿ ಒಳಗೆ ಹೊಗಲಾರದು.

ಅದಕ್ಕೆ ಮುಂಚೆ, ಆರು ವರ್ಷದಿಂದ ಅಲುಗದ ಫ್ರಿಜ್ಜಿನ ಹಿಂಬದಿಗೆ ಬರಿಗೈ ಹಾಕಬೇಡಿ. ಕಂಪ್ರೆಸರ್ ಇರುವ ಗೂಡು ಕತ್ತಲಾಗಿಯೂ ಬೆಚ್ಚಗೂ ಇರುವ ಜಾಗ. ಅಲ್ಲಿ ಚೇಳನ್ನೂ ಎರಡು ಬಾರಿ ಹಾವನ್ನೂ ನಾನೇ ಕಂಡಿದ್ದೇನೆ. ಕೋಲಿನಿಂದ ತಟ್ಟಿ, ಟಾರ್ಚ್ ಬಿಟ್ಟು ನೋಡಿ, ಬಳಿಕ ಮುಂದುವರಿಯಿರಿ. ಪ್ಲಗ್ಗನ್ನು ಗೋಡೆಯಿಂದ ಕಿತ್ತಾಗಿದೆ ಎಂಬುದನ್ನು ಕಣ್ಣಾರೆ ಕಂಡ ಮೇಲೆ ವೈರನ್ನು ಫ್ರಿಜ್ಜಿನ ಬುಡದಲ್ಲಿ ಕತ್ತರಿಸಿ. ಇನ್ನು ಯಾರೂ ಅದನ್ನು ಚಾಲೂ ಮಾಡಿ ನೋಡುವ ಸಾಹಸಕ್ಕೆ ಹೋಗಬಾರದು. ಹಳೆಯ ವೈರಿನ ಮೇಲ್ಪದರ ಇಲಿ ಕಡಿದು ಹೋಗಿದ್ದರೆ ತಗಡಿನ ಮೈಯೆಲ್ಲ ಕರೆಂಟ್ ಹರಿಯುತ್ತದೆ.

ಈಗ ಗುಜರಿಯವರ ಮಾತಿಗೆ ಬರುತ್ತೇನೆ. ಕಂಪ್ರೆಸರಿನೊಳಗೆ ತಾಮ್ರದ ಸುರುಳಿ ಇರುತ್ತದೆ, ಅವರಿಗೆ ಬೇಕಾದದ್ದು ಅದು. ಅದನ್ನು ಬಿಡಿಸಲು ಕೊಳವೆಗಳನ್ನು ಕತ್ತರಿಸುತ್ತಾರೆ, ಆಗ ಅದರಲ್ಲಿರುವ ಗ್ಯಾಸ್ ಉಸ್ಸೆಂದು ಹೊರಟುಹೋಗುತ್ತದೆ. ನಿಮ್ಮ ಫ್ರಿಜ್ಜಿನ ಕಾಲಕ್ಕೆ ಅದು ಬಹುಪಾಲು ಆರ್-12. ಹಿಂಬದಿಯಲ್ಲಿ ಅಥವಾ ಒಳಗೋಡೆಯಲ್ಲಿ ತಗಡಿನ ಫಲಕವಿದ್ದರೆ ಗ್ಯಾಸಿನ ಹೆಸರು, ಗ್ರಾಂ ಲೆಕ್ಕ ಎಲ್ಲವೂ ಅದರಲ್ಲಿ ಬರೆದಿರುತ್ತದೆ. ಬಳಿಕ ಬಂದವುಗಳಲ್ಲಿ ಆರ್-134ಎ, ಈಗಿನವುಗಳಲ್ಲಿ ಹೆಚ್ಚಾಗಿ ಆರ್-600ಎ ಇರುತ್ತದೆ.

ಒಂದು ವಿಷಯವನ್ನು ಮುಚ್ಚಿಡುವುದಿಲ್ಲ. ನಾನು ಕೆಲಸ ಕಲಿಯುವಾಗ, ರಿಪೇರಿಗೆ ಬಂದ ಪ್ರತಿಯೊಂದು ಫ್ರಿಜ್ಜಿನ ಗ್ಯಾಸನ್ನೂ ನಾವು ಬಯಲಿಗೆ ಬಿಟ್ಟಿದ್ದೇವೆ. ಅದರಲ್ಲಿ ಹಾನಿಯಿದೆ ಎಂದು ನಮಗೆ ಹೇಳಿಕೊಟ್ಟವರು ಯಾರೂ ಇರಲಿಲ್ಲ. ಮುಂದೆ ತರಬೇತಿಯೊಂದಕ್ಕೆ ಹೋದಾಗ, ಗ್ಯಾಸನ್ನು ಹೀರಿ ಸಿಲಿಂಡರಿಗೆ ತುಂಬುವ ಯಂತ್ರವನ್ನು ಕಂಡೆ. ಅಂದಿನಿಂದ ಬೇಕೆಂದು ಒಂದು ಕೊಳವೆಯನ್ನೂ ಬಯಲಿಗೆ ತೆರೆದಿಲ್ಲ.

ರಸಾಯನಶಾಸ್ತ್ರದ ಟೀಚರ್, ನೀರ್ಚಾಲು (ಏಪ್ರಿಲ್ 4)

ಮೆಕ್ಯಾನಿಕ್ ಅಣ್ಣನವರು ಹೇಳಿದ ಆರ್-12 ಎಂಬುದು ಕ್ಲೋರೋಫ್ಲೋರೋಕಾರ್ಬನ್ (ಸಿಎಫ್‌ಸಿ) ಗುಂಪಿಗೆ ಸೇರಿದ ಅನಿಲ. ಬಣ್ಣವಿಲ್ಲ, ಉರಿಯುವುದಿಲ್ಲ, ಹೆಚ್ಚೇನೂ ವಿಷಕಾರಿಯೂ ಅಲ್ಲ. ಈ ಗುಣಗಳಿಂದಾಗಿಯೇ ಅರ್ಧ ಶತಮಾನ ಕಾಲ ಅದನ್ನು ಸುರಕ್ಷಿತವೆಂದು ಎಲ್ಲರೂ ನಂಬಿದ್ದರು. ನೆಲದ ಬಳಿ ಯಾವುದರೊಂದಿಗೂ ಬೆರೆಯದೆ ಉಳಿಯುವ ಈ ಅನಿಲ ವರ್ಷಗಳ ಕಾಲ ತೇಲುತ್ತ ಮೇಲಿನ ವಾಯುಮಂಡಲಕ್ಕೆ ಏರುತ್ತದೆ, ಅಲ್ಲಿ ಸೂರ್ಯನ ನೇರಳಾತೀತ ಕಿರಣಗಳಿಗೆ ಸಿಕ್ಕಿ ಒಡೆಯುತ್ತದೆ, ಹೊರಬಿದ್ದ ಕ್ಲೋರಿನ್ ಪರಮಾಣು ಓಝೋನನ್ನು ಒಂದರ ಬಳಿಕ ಒಂದರಂತೆ ಮುರಿಯುತ್ತ ಹೋಗುತ್ತದೆ. ಮೊಲಿನಾ ಮತ್ತು ರೋಲ್ಯಾಂಡ್ ಎಂಬ ವಿಜ್ಞಾನಿಗಳು ಇದನ್ನು 1974ರಲ್ಲಿ ಹೇಳಿದರು; 1985ರಲ್ಲಿ ಅಂಟಾರ್ಕ್ಟಿಕದ ಮೇಲಿನ ಓಝೋನ್ ರಂಧ್ರದ ವರದಿ ಬಂತು; 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. ಭಾರತ 1992ರಲ್ಲಿ ಅದಕ್ಕೆ ಸೇರಿತು. 2000ದಲ್ಲಿ ನಮ್ಮಲ್ಲಿ ಬಂದ ನಿಯಮಗಳ ಪ್ರಕಾರ 2003ರಿಂದ ಹೊಸ ಫ್ರಿಜ್ಜುಗಳ ತಯಾರಿಕೆಯಲ್ಲಿ ಈ ಅನಿಲಗಳನ್ನು ಬಳಸುವಂತಿಲ್ಲ. ಆದರೆ ಅದಕ್ಕಿಂತ ಮೊದಲು ಮನೆ ಸೇರಿದ ಪೆಟ್ಟಿಗೆಗಳೊಳಗೆ ಅದು ಇನ್ನೂ ಇದೆ. ಅಕ್ಕನವರ ಉಗ್ರಾಣದಲ್ಲಿರುವುದು ಅಂಥದ್ದೇ.

ತಾಪಮಾನದ ಲೆಕ್ಕವನ್ನೂ ನೋಡೋಣ. ಒಂದು ಕಿಲೋ ಆರ್-12, ನೂರು ವರ್ಷಗಳ ಅವಧಿಯಲ್ಲಿ, ಸುಮಾರು 10,900 ಕಿಲೋ ಇಂಗಾಲದ ಡೈಆಕ್ಸೈಡಿನಷ್ಟು ಶಾಖವನ್ನು ಹಿಡಿದಿಡುತ್ತದೆ. ಫ್ರಿಜ್ಜಿನಲ್ಲಿ 150 ಗ್ರಾಂ ಇದೆಯೆಂದು ಇಟ್ಟುಕೊಂಡರೂ, ಆ ಒಂದು ಉಸ್ಸೆಂಬ ಸದ್ದಿನಲ್ಲಿ ಹೊರಟುಹೋಗುವುದು ಸುಮಾರು 1,600 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ. ಆರ್-134ಎ ಓಝೋನಿಗೆ ಹಾನಿ ಮಾಡುವುದಿಲ್ಲ, ಆದರೆ ಅದರ ಲೆಕ್ಕವೂ 1,430 ಪಟ್ಟು. ಆರ್-600ಎ ಎಂದರೆ ಐಸೊಬ್ಯೂಟೇನ್. ಅದರಿಂದ ಭೂಮಿಗೆ ಬಿಸಿಯೇರುವುದು ಅತ್ಯಲ್ಪ, ಆದರೆ ಅದು ನಮ್ಮ ಅಡುಗೆ ಅನಿಲದ ದಾಯಾದಿ. ಗಾಳಿಗಿಂತ ಎರಡು ಪಟ್ಟು ಭಾರವಾದ್ದರಿಂದ ನೆಲಮಟ್ಟದಲ್ಲಿ ಸೇರಿಕೊಳ್ಳುತ್ತದೆ, ಗಾಳಿಯಲ್ಲಿ ಶೇಕಡಾ 1.8ರಷ್ಟಾದರೂ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಕಂಪ್ರೆಸರಿನ ಮೇಲೆ ಹಳದಿ ತ್ರಿಕೋನದೊಳಗೆ ಬೆಂಕಿಯ ಚಿತ್ರ ಕಂಡರೆ ಅದು ಇದೇ ಅನಿಲ. ಅಲ್ಲಿ ಗ್ಯಾಸ್ ಕಟ್ಟರ್ ಹಿಡಿದು ಕೊಳವೆ ತುಂಡರಿಸುವ ಕೆಲಸಗಾರನ ಮುಖ ಆ ಕೊಳವೆಯಿಂದ ಒಂದು ಮೊಳ ದೂರದಲ್ಲಿರುತ್ತದೆ ಎಂಬುದನ್ನು ನೆನೆದರೆ ನನಗೆ ಭಯವಾಗುತ್ತದೆ.

ಹೆಚ್ಚಿನವರು ಗಮನಿಸದ ಭಾಗ ಇನ್ನೊಂದಿದೆ. ಪೆಟ್ಟಿಗೆಯ ಗೋಡೆಗಳ ನಡುವೆ ತುಂಬಿರುವ ಹಳದಿ ನೊರೆಯನ್ನು ಉಬ್ಬಿಸಲು ಆ ಕಾಲದಲ್ಲಿ ಸಿಎಫ್‌ಸಿ-11 ಎಂಬ ಅನಿಲವನ್ನೇ ಬಳಸುತ್ತಿದ್ದರು. ಅಂತಹ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ಕೊಳವೆಗಳಲ್ಲಿರುವುದಕ್ಕಿಂತ ಹೆಚ್ಚಿನ ಪ್ರಮಾಣ ಈ ನೊರೆಯೊಳಗೆ ಅಡಗಿರುತ್ತದೆ. ಆದ್ದರಿಂದ ಕಂಪ್ರೆಸರ್ ತೆಗೆದ ಬಳಿಕ ಉಳಿದದ್ದು ಬರಿ ತಗಡು ಎಂದು ಭಾವಿಸಬಾರದು. ನೊರೆಯನ್ನು ಸುಟ್ಟರಂತೂ ಕಾರ್ಬನ್ ಮಾನಾಕ್ಸೈಡ್, ಹೈಡ್ರೋಜನ್ ಸಯನೈಡ್ ಮುಂತಾದ ವಿಷಾನಿಲಗಳು ಹೊರಡುತ್ತವೆ.

ಮುಳ್ಳೇರಿಯದ ಕೃಷಿಕ (ಏಪ್ರಿಲ್ 5)

ಟೀಚರೇ, ತಾವು ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಗಟ್ಟಿಯಾಗಿರುವ ಪೆಟ್ಟಿಗೆಯನ್ನು ವ್ಯರ್ಥ ಮಾಡುವುದೇಕೆ? ನಮ್ಮ ಮನೆಯಲ್ಲಿ ಹಳೆಯ ಫ್ರಿಜ್ಜಿನ ಬಾಗಿಲಿಗೂ ಗೋಡೆಗೂ ಡ್ರಿಲ್ಲಿನಿಂದ ತೂತು ಕೊರೆದು, ಇಲಿ ಹೊಗದ ಹಾಗೆ ಬಲೆ ಹೊಡೆದು, ಕಾಳುಮೆಣಸಿನ ಚೀಲ ಇಡಲು ಉಪಯೋಗಿಸುತ್ತಿದ್ದೇವೆ. ಮಳೆಗಾಲದಲ್ಲಿ ತೇವ ತಾಗುವುದಿಲ್ಲ. ಇನ್ನೂ ತಂಪಾಗುತ್ತಿರುವ ಫ್ರಿಜ್ಜಾದರೆ ಬಡವರ ಮನೆಗೆ ಕೊಟ್ಟರೂ ಪುಣ್ಯ.

ಬದಿಯಡ್ಕದ ಫ್ರಿಜ್ ಮೆಕ್ಯಾನಿಕ್ (ಏಪ್ರಿಲ್ 5)

ಅಣ್ಣ, ತೂತು ಕೊರೆಯುವ ವಿಷಯದಲ್ಲಿ ಎಚ್ಚರವಿರಲಿ. ಹಳೆಯ ಮಾದರಿಗಳಲ್ಲಿ ಬಿಸಿ ಹೊರಹಾಕುವ ಕಂಬಿಗಳು ಹಿಂಬದಿಯಲ್ಲಿ ಕಣ್ಣಿಗೆ ಕಾಣುತ್ತವೆ. ಹೊಸ ಮಾದರಿಗಳಲ್ಲಿ ಹೆಚ್ಚಿನವುಗಳಿಗೆ ಆ ಕೊಳವೆಗಳು ಎರಡು ಬದಿಯ ಗೋಡೆಗಳೊಳಗೆ ಹುದುಗಿರುತ್ತವೆ. ಓಡುತ್ತಿರುವ ಫ್ರಿಜ್ಜಿನ ಬದಿ ಮುಟ್ಟಿದರೆ ಬೆಚ್ಚಗಿರುವುದು ಅದಕ್ಕಾಗಿಯೇ. ಅಲ್ಲಿ ಡ್ರಿಲ್ ಇಟ್ಟರೆ ನೇರವಾಗಿ ಗ್ಯಾಸಿಗೆ ತೂತು ಬೀಳುತ್ತದೆ, ಐಸೊಬ್ಯೂಟೇನ್ ಆಗಿದ್ದರೆ ಡ್ರಿಲ್ಲಿನ ಕಿಡಿಯೇ ಸಾಕು. ಕಪಾಟಾಗಿ ಬಳಸಲೇಬೇಕೆಂದಿದ್ದರೆ ಮೊದಲು ಗ್ಯಾಸನ್ನೂ ಎಣ್ಣೆಯನ್ನೂ ತಿಳಿದವರಿಂದ ತೆಗೆಸಿ, ಬಾಗಿಲಿನ ಚಿಲಕವನ್ನೂ ರಬ್ಬರ್ ಪಟ್ಟಿಯನ್ನೂ ಪೂರ್ತಿ ಕಿತ್ತುಹಾಕಿ.

ಕೊಡುವ ವಿಚಾರ: ಹತ್ತು ಹನ್ನೆರಡು ವರ್ಷದ, ಚೆನ್ನಾಗಿ ಓಡುತ್ತಿರುವ ಫ್ರಿಜ್ಜಾದರೆ ಖಂಡಿತ ಕೊಡಿ. ಮೂವತ್ತು ವರ್ಷದ್ದನ್ನು ಕೊಟ್ಟರೆ, ಕೊಟ್ಟವರಿಗೆ ಪುಣ್ಯ ಬರಬಹುದು, ಪಡೆದವರಿಗೆ ಕರೆಂಟ್ ಬಿಲ್ ಬರುತ್ತದೆ. ಅದರಲ್ಲಿಯೂ ಆರ್-12 ಸಿಗದ ಕಾರಣ ಕೆಲವರು ಅದಕ್ಕೆ ಉರಿಯುವ ಗ್ಯಾಸ್ ತುಂಬಿ ಓಡಿಸಿಕೊಡುತ್ತಾರೆ. ಆ ಹಳೆಯ ಫ್ರಿಜ್ಜಿನ ಥರ್ಮೋಸ್ಟ್ಯಾಟ್, ದೀಪದ ಸ್ವಿಚ್ಚು, ರಿಲೇ ಇವೆಲ್ಲ ಪ್ರತಿ ಸಲ ಸಣ್ಣ ಕಿಡಿ ಹಾರಿಸುವಂಥವು, ಉರಿಯುವ ಅನಿಲಕ್ಕೆಂದು ಮಾಡಿದವಲ್ಲ. ಆದುದರಿಂದ ಫಲಕದಲ್ಲಿ ಆರ್-12 ಎಂದು ಬರೆದಿದ್ದರೂ ಒಳಗಿರುವುದು ಅದೇ ಎಂದು ನಂಬಲಾಗುವುದಿಲ್ಲ. ಪೆರ್ಲದ ಅಕ್ಕ, ನಿಮ್ಮ ಫ್ರಿಜ್ಜಿಗೆ ಯಾವಾಗಲಾದರೂ ಗ್ಯಾಸ್ ತುಂಬಿಸಿದ್ದುಂಟೇ ಎಂದು ಅಮ್ಮನನ್ನು ಕೇಳಿ, ಉತ್ತರವನ್ನು ಒಂದು ಕಾಗದದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿ. ಮುಂದೆ ಅದನ್ನು ಬಿಚ್ಚುವವರಿಗೆ ಅದು ಬೇಕಾಗುತ್ತದೆ.

ಮುಳ್ಳೇರಿಯದ ಕೃಷಿಕ (ಏಪ್ರಿಲ್ 5)

ನಮ್ಮದು ಹಳೆಯ ಮಾದರಿಯದೇ, ಕಂಬಿ ಹಿಂದೆ ಇತ್ತು. ಆದರೂ ಗ್ಯಾಸಿನ ವಿಚಾರ ಆಗ ತಿಳಿದಿರಲಿಲ್ಲ. ರಬ್ಬರ್ ಪಟ್ಟಿಯನ್ನು ಇಂದೇ ಕೀಳುತ್ತೇನೆ.

ಪೈವಳಿಕೆಯ ನಿವಾಸಿ (ಏಪ್ರಿಲ್ 6)

ನೀರಿನ ಬಗ್ಗೆ ಯಾರೂ ಹೇಳಲಿಲ್ಲವೆಂದು ಬರೆಯುತ್ತಿದ್ದೇನೆ. ನಮ್ಮ ಕಡೆ ಕಲ್ಲು ತೆಗೆದು ಬಿಟ್ಟ ಮುರಕಲ್ಲಿನ ಕೋರೆಯೊಂದಿದೆ. ರಾತ್ರಿ ಹೊತ್ತು ಪಿಕಪ್ಪಿನಲ್ಲಿ ತಂದು ಟಿ.ವಿ., ಫ್ರಿಜ್ಜು, ಬಾತ್‌ರೂಮಿನ ಸಾಮಾನು ಎಲ್ಲವನ್ನೂ ಅದಕ್ಕೆ ಉರುಳಿಸುತ್ತಾರೆ. ಕಂಪ್ರೆಸರಿನೊಳಗೆ ಕಾಲು ಲೀಟರಿನಷ್ಟು ಎಣ್ಣೆ ಇರುತ್ತದೆ. ಮುರಕಲ್ಲು ತೂತುತೂತಾದ ಕಲ್ಲು, ಮಳೆನೀರನ್ನು ಕುಡಿದು ಕೆಳಗೆ ಇಳಿಸುತ್ತದೆ. ನಮ್ಮ ಊರುಗಳಲ್ಲಿ ಎಷ್ಟೋ ಮನೆಗಳು ಇಂದಿಗೂ ಗುಡ್ಡವನ್ನು ಅಡ್ಡಕ್ಕೆ ಕೊರೆದ ಸುರಂಗದ ನೀರನ್ನೇ ಕುಡಿಯುತ್ತಿವೆ. ಗುಡ್ಡದ ನೆತ್ತಿಯ ಕೋರೆಗೆ ಬಿದ್ದದ್ದು ತಪ್ಪಲಿನ ಸುರಂಗದಲ್ಲಿ ಜಿನುಗಲು ಎಷ್ಟು ಕಾಲ ಬೇಕು? ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದ ಗೇರು ತೋಟಗಳ ಕೆಳಗಿನ ತೋಡುಗಳನ್ನು ಕಂಡ ಜಿಲ್ಲೆಯವರಾದ ನಾವು ಈ ಪ್ರಶ್ನೆಯನ್ನು ಬೇರೆಯವರಿಗಿಂತ ಮೊದಲೇ ಕೇಳಬೇಕು. ಎರಡೂ ಒಂದೇ ಬಗೆಯ ವಿಷ ಎಂದು ನಾನು ಹೇಳುತ್ತಿಲ್ಲ. ಗುಡ್ಡದ ಮೇಲೆ ಹಾಕಿದ್ದು ಬಟ್ಟಲಿಗೆ ಬರುತ್ತದೆ ಎಂಬುದನ್ನು ನೆನಪಿಸುತ್ತಿದ್ದೇನೆ.

ಹರಿತ ಕರ್ಮಸೇನೆಯ ಸದಸ್ಯೆ (ಏಪ್ರಿಲ್ 6)

ನಾನು ಪಕ್ಕದ ಪಂಚಾಯತಿನ ಹರಿತ ಕರ್ಮಸೇನೆಯಲ್ಲಿ ಕೆಲಸ ಮಾಡುವವಳು. ಪ್ರತಿ ತಿಂಗಳು ಮನೆಮನೆಗೆ ಬಂದು ಪ್ಲಾಸ್ಟಿಕ್ ಒಯ್ಯುವವರು ನಾವೇ. ನಾವು ಸಂಗ್ರಹಿಸಿದ ಇ-ತ್ಯಾಜ್ಯವನ್ನು ಕ್ಲೀನ್ ಕೇರಳ ಕಂಪೆನಿ ಪಡೆದುಕೊಂಡು, ಅಧಿಕೃತ ಮರುಬಳಕೆ ಘಟಕಗಳಿಗೆ ಕಳುಹಿಸುತ್ತದೆ. ಫ್ರಿಜ್ಜಿನಂತಹ ದೊಡ್ಡ ವಸ್ತುವನ್ನು ನಾವು ಇಬ್ಬರು ಹೆಂಗಸರು ಹೊತ್ತು ತರಲಾರೆವು. ಆದ್ದರಿಂದ ವಾರ್ಡಿನ ಸದಸ್ಯರಿಗೆ ಅಥವಾ ಪಂಚಾಯತಿಗೆ ಮೊದಲೇ ತಿಳಿಸಿ, ಇ-ತ್ಯಾಜ್ಯ ಪಡೆಯುವ ದಿನ ಯಾವುದು, ಸಂಗ್ರಹ ಕೇಂದ್ರಕ್ಕೆ ನೀವೇ ತಲುಪಿಸಬೇಕೇ, ಕಿಲೋಗೆ ಎಷ್ಟು ಕೊಡುತ್ತಾರೆ ಎಂಬುದನ್ನು ಕೇಳಿ ಖಚಿತಪಡಿಸಿಕೊಳ್ಳಿ. ಕೊಟ್ಟದ್ದಕ್ಕೆ ರಸೀದಿ ಕೇಳಿ ಪಡೆಯಿರಿ.

ಒಂದು ವಿನಂತಿ. ಕಂಪ್ರೆಸರನ್ನು ಗುಜರಿಗೆ ಮಾರಿ ಬರಿ ಪೆಟ್ಟಿಗೆಯನ್ನು ನಮಗೆ ಕೊಡುವವರು ಇದ್ದಾರೆ. ಆಗ ಗ್ಯಾಸ್ ಹೋಗಿಯಾಗಿರುತ್ತದೆ, ಕತ್ತರಿಸಿದ ಕೊಳವೆಗಳಿಂದ ಎಣ್ಣೆ ಸೋರಿ ನಮ್ಮ ಕೈಬಟ್ಟೆಗೆಲ್ಲ ಮೆತ್ತಿಕೊಳ್ಳುತ್ತದೆ. ಇಡಿಯಾಗಿ ಕೊಡಿ.

ಉಪ್ಪಳದ ಹಿರಿಯ ನಾಗರಿಕ (ಏಪ್ರಿಲ್ 7)

ಇ-ತ್ಯಾಜ್ಯ ಪಡೆಯುವ ದಿನದ ಸೂಚನಾಪತ್ರ ನಮ್ಮ ಮನೆಗೆ ಬಂದಾಗ ಅದು ಮಲಯಾಳದಲ್ಲಿ ಮಾತ್ರ ಇತ್ತು. ನನ್ನ ಪತ್ನಿಗೆ ಓದಲು ಬಾರದೆ, ನಾನು ಊರಲ್ಲಿಲ್ಲದೆ, ದಿನ ದಾಟಿಹೋಯಿತು. ಭಾಷಾ ಅಲ್ಪಸಂಖ್ಯಾತರ ಪ್ರದೇಶದಲ್ಲಿ ಇಂತಹ ಸೂಚನೆಗಳು ಕನ್ನಡದಲ್ಲಿಯೂ ಬರಬೇಕು. ಅಪಾಯದ ವಸ್ತುವಿನ ಬಗೆಗಿನ ಸೂಚನೆ ತಾನು ತಲುಪಬೇಕಾದವರ ಭಾಷೆಯಲ್ಲಿ ಇರದಿದ್ದರೆ ಆ ವಸ್ತು ಮನೆಯಲ್ಲಿಯೇ ಉಳಿಯುತ್ತದೆ. ಲಿಖಿತವಾಗಿ ಅರ್ಜಿ ಕೊಟ್ಟಿದ್ದೇನೆ. ತಾವೆಲ್ಲರೂ ತಮ್ಮ ತಮ್ಮ ಪಂಚಾಯತುಗಳಲ್ಲಿ ಕೊಡಬೇಕೆಂದು ಕೋರುತ್ತೇನೆ.

ರಸಾಯನಶಾಸ್ತ್ರದ ಟೀಚರ್, ನೀರ್ಚಾಲು (ಏಪ್ರಿಲ್ 7)

ಅಧಿಕೃತ ಘಟಕಕ್ಕೆ ಹೋದ ಬಳಿಕ ಏನಾಗುತ್ತದೆ ಎಂದು ನನ್ನ ವಿದ್ಯಾರ್ಥಿಯೊಬ್ಬ ಕೇಳಿದ, ಇಲ್ಲಿಯೂ ಉಪಯೋಗವಾದೀತು. ಕ್ರಮಬದ್ಧವಾದ ಘಟಕದಲ್ಲಿ ಮೊದಲು ಕೊಳವೆಗೆ ಸೂಜಿಯಂತಹ ಸಾಧನ ಚುಚ್ಚಿ ಗ್ಯಾಸನ್ನೂ ಎಣ್ಣೆಯನ್ನೂ ಹೀರಿ ತೆಗೆಯುತ್ತಾರೆ, ಎಣ್ಣೆಯಲ್ಲಿ ಕರಗಿರುವ ಗ್ಯಾಸನ್ನು ಬೇರ್ಪಡಿಸುತ್ತಾರೆ, ಬಳಿಕ ಕಂಪ್ರೆಸರ್ ಬಿಚ್ಚುತ್ತಾರೆ. ಪೆಟ್ಟಿಗೆಯನ್ನು ಮುಚ್ಚಿದ ಕೋಣೆಯಂತಹ ಯಂತ್ರದೊಳಗೆ ಪುಡಿ ಮಾಡಿದರೆ ನೊರೆಯ ಅನಿಲವನ್ನೂ ಹಿಡಿಯಬಹುದು. 2022ರ ಇ-ತ್ಯಾಜ್ಯ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಅವುಗಳ ಪ್ರಕಾರ ಮರುಬಳಕೆಯ ಹೊಣೆ ತಯಾರಕರ ಮೇಲಿದೆ, 2023-24ರಲ್ಲಿ ಶೇಕಡಾ 60ರಿಂದ ಆರಂಭವಾಗಿ 2027-28ರಿಂದ ಶೇಕಡಾ 80ರ ಗುರಿ ಇದೆ. ಆದ್ದರಿಂದ ಹೊಸ ಫ್ರಿಜ್ ಕೊಳ್ಳುವವರು ಅಂಗಡಿಯಲ್ಲಿ ಹಳೆಯದನ್ನು ಬದಲಿಗೆ ಕೊಡುವಾಗ, ಅದು ಇಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಕೇಳುವುದರಲ್ಲಿ ಸಂಕೋಚಪಡಬೇಕಾಗಿಲ್ಲ.

ತೋಟದಮನೆ, ಪೆರ್ಲ (ಏಪ್ರಿಲ್ 19)

ತಡವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಮೊನ್ನೆ ಊರಿಗೆ ಹೋಗಿ ಬಂದೆ.

ಹಿಂಬದಿಯ ಫಲಕದಲ್ಲಿ ಆರ್-12, 140 ಗ್ರಾಂ ಎಂದು ಅಚ್ಚಾಗಿತ್ತು. ಗ್ಯಾಸ್ ಒಮ್ಮೆಯೂ ತುಂಬಿಸಿಲ್ಲ, ಐಸ್ ಕೆರೆಯಲು ಚಾಕು ಮುಟ್ಟಿಸಲು ನಾನು ಯಾರನ್ನೂ ಬಿಟ್ಟಿಲ್ಲ ಎಂದು ಅಮ್ಮ ಹೇಳಿದರು. ಅದನ್ನೇ ಬರೆದು ಅಂಟಿಸಿದೆವು. ಮೆಕ್ಯಾನಿಕ್ ಅಣ್ಣನವರು ಹೇಳಿದಂತೆ ಮೊದಲು ಬಾಗಿಲು ಕಳಚಿದೆವು. ಒಂದು ಬೋಲ್ಟ್ ಬರಲೇ ಇಲ್ಲ, ಎರಡು ದಿನ ಎಣ್ಣೆ ಬಿಡಬೇಕಾಯಿತು. ಕಂಪ್ರೆಸರಿನ ಗೂಡಿನಲ್ಲಿ ಇಲಿಯ ಗೂಡೊಂದಿತ್ತು, ಬೇರೇನೂ ಇರಲಿಲ್ಲ. ಮೆಟ್ಟಿಲು ಹತ್ತಿಸಲು ಫ್ರಿಜ್ಜನ್ನು ಗೋಣಿಯಿಂದ ಸುತ್ತಿ, ಎರಡು ಅಡಿಕೆ ಮರದ ಸೀಳುಗಳಿಗೆ ನೆಟ್ಟಗೆ ಕಟ್ಟಿ, ಮೇಲಿನಿಂದ ಇಬ್ಬರು ಹಗ್ಗ ಎಳೆದು ಕೆಳಗಿನಿಂದ ಇಬ್ಬರು ಆಧರಿಸಿ, ಒಂದೊಂದೇ ಮೆಟ್ಟಿಲಾಗಿ ಏರಿಸಿದರು. ಹಿಂಬದಿಯ ಕಂಬಿಗಳ ಮೇಲೆ ಭಾರ ಬೀಳದಂತೆ ನೋಡಿಕೊಳ್ಳಬೇಕೆಂದು ಅವರಿಗೆ ಮೊದಲೇ ಹೇಳಿದ್ದೆ. ಮುಕ್ಕಾಲು ಗಂಟೆ ಹಿಡಿಯಿತು.

ಗೂಡ್ಸ್ ಆಟೋದಲ್ಲಿ ನಿಲ್ಲಿಸಿಯೇ ಪಂಚಾಯತಿನ ಸಂಗ್ರಹ ಕೇಂದ್ರಕ್ಕೆ ಒಯ್ದೆವು. ಬಾಗಿಲನ್ನೂ ಜೊತೆಗೆ ಕೊಟ್ಟೆ, ಅದರೊಳಗೂ ನೊರೆ ಇದೆಯಲ್ಲ. ತೂಕ 54 ಕಿಲೋ ಬಂತು, ರಸೀದಿ ಸಿಕ್ಕಿತು. ಸಿಕ್ಕಿದ ಹಣ ಗುಜರಿಯವರು ಹೇಳಿದ್ದಕ್ಕಿಂತ ಕಡಿಮೆ, ಆಟೋ ಬಾಡಿಗೆಗೂ ಸಾಲಲಿಲ್ಲ. ಕೊಳವೆ ಒಂದೂ ಮುರಿಯದೆ ಹೋಯಿತು ಎಂಬ ಸಮಾಧಾನ ನನಗಿದೆ.

ಅಮ್ಮನ ಸೌತೆಬೀಜಗಳು ಈಗ ಬೂದಿ ಬೆರೆಸಿ ಮಣ್ಣಿನ ಮಡಕೆಯಲ್ಲಿವೆ. ಮೆಕ್ಯಾನಿಕ್ ಅಣ್ಣ, ನಮ್ಮ ಚಿಕ್ಕಪ್ಪನ ಮನೆಯ ಹಟ್ಟಿಯ ಪಕ್ಕದಲ್ಲಿ ಐಸ್‌ಕ್ರೀಮ್ ಅಂಗಡಿಯವರು ಬಿಟ್ಟುಹೋದ ದೊಡ್ಡ ಪೆಟ್ಟಿಗೆಯೊಂದಿದೆ, ಮೇಲಿನಿಂದ ಮುಚ್ಚುವಂಥದ್ದು. ಅದರ ಮುಚ್ಚಳವನ್ನು ಕಳಚುವ ಕ್ರಮ ಬೇರೆಯೇ?

ಬದಿಯಡ್ಕದ ಫ್ರಿಜ್ ಮೆಕ್ಯಾನಿಕ್ (ಏಪ್ರಿಲ್ 19)

ಬೇರೆ. ತಿರುಗಣೆಯೊಳಗೆ ಬಲವಾದ ಸ್ಪ್ರಿಂಗ್ ಇರುತ್ತದೆ. ಮುಚ್ಚಳವನ್ನು ನೆಟ್ಟಗೆ ತೆರೆದು ನಿಲ್ಲಿಸದೆ ಬೋಲ್ಟ್ ಬಿಚ್ಚಿದರೆ ತಿರುಗಣೆ ಚಿಮ್ಮಿ ಕೈಗೆ ಹೊಡೆಯುತ್ತದೆ. ಅದನ್ನು ನೀವು ಮುಟ್ಟಬೇಡಿ. ಚಿಕ್ಕಪ್ಪನವರಿಗೆ ಹೇಳಿ ಇಂದು ಅದರ ಮೇಲೆ ಎರಡು ಮುರಕಲ್ಲು ಹೇರಿಸಿಡಿ. ಭಾನುವಾರ ಪೆರ್ಲದ ಕಡೆಗೆ ನನಗೆ ಕೆಲಸವಿದೆ, ಬಂದು ಕಳಚಿಕೊಡುತ್ತೇನೆ.